ಮೇಲಿನವಳು

"ಇವಳು ಮೂಗಿ," ಎಂದಳು ಅಕ್ಕ. ಕೈಯಲ್ಲಿದ್ದ ಮರದ ಬೆಣೆಯಿಂದ ಮೊದಲನೆಯ ತುಂಡನ್ನು ಇನ್ನೆರಡು ಸಲ ಕುಟ್ಟಿ ನೋಡಿ, ಮೇಜಿನ ಮೇಲೆ ಆಚೆ ತಳ್ಳಿದಳು. "ಎಷ್ಟು ಹೊಡೆದರೂ ಬಾಯಿ ಬಿಡಲ್ಲ. ಇಂಥವಳನ್ನ ತಲೆ ಮೇಲೆ ಕೂರಿಸಿಕೊಂಡು ಏನೋ ಮಾಡೋದು? ಮುಂದಿನದು ಕೊಡು."

ತಮ್ಮ ಎರಡನೆಯದನ್ನು ಅವಳ ಕೈಗಿಟ್ಟ. ಅದು ಮಣ್ಣಿನ ಹಂಚು. ಅಕ್ಕ ಅದರ ಅಂಚು ಸವರಿ, ಮೂಸಿ, ಆಮೇಲೆ ಕುಟ್ಟಿದಳು. "ಒಳ್ಳೆ ಮನೆತನದ ಮುದುಕಿ. ಕೇಳಿದ್ದಕ್ಕೆ ಒಂದೇ ಮಾತು, ಆಮೇಲೆ ಗಪ್‌ಚುಪ್. ಇರಲಿ, ಮೂರನೆಯದು?"

ಮೂರನೆಯದು ಬಣ್ಣ ಬಳಿದ ಬರೀ ತಗಡು. ಬೆಣೆ ಬಿದ್ದ ಕೂಡಲೇ ಅದು ಟಣ್ಣೆಂದಿತು, ಆ ಸದ್ದು ಮೇಜಿನ ಕಾಲಿನವರೆಗೂ ಇಳಿಯಿತು. ಅಕ್ಕನ ಮುಖ ಅರಳಿತು. "ಇವಳೇ ಕಣೋ! ಈಗಿರೋಳ ಸ್ವಂತ ತಂಗಿ. ಇವಳನ್ನೇ ಕರಕೊಂಡು ಬಾ."

"ಆಯ್ತಕ್ಕ," ಎಂದ ತಮ್ಮ.

ಆಯ್ತು ಎನ್ನುವುದು ಎಷ್ಟು ಸುಲಭ! ನಾಲಿಗೆಗೆ ಮೂಳೆಯಿಲ್ಲ ನೋಡಿ. ಹೊಸ ಸೂರಿಗೆಂದು ಮೂರು ಮಾದರಿ ತುಂಡುಗಳನ್ನು ಅಂಗಡಿಯಿಂದ ಚೀಲದಲ್ಲಿ ಹೊತ್ತು ತಂದು ಅವಳ ಮುಂದೆ ಸಾಲಾಗಿ ಇಡುವ ಮೊದಲೇ ಯಾವುದನ್ನು ಹಾಕಿಸುವುದು ಎಂದು ತೀರ್ಮಾನವಾಗಿತ್ತು. ಅಕ್ಕ ಮೂಗಿ ಎಂದು ಆಚೆ ತಳ್ಳಿದಳಲ್ಲ, ಅದೇ. ಮೇಲೆ ಕಲ್ಲಿನ ಪುಡಿ ಅಂಟಿಸಿದ, ನೋಡಲು ಹಂಚಿನಂತೆಯೇ ಕಾಣುವ, ಒಳಗೆ ಎರಡು ಬೆರಳು ದಪ್ಪ ಫೋಮು ತುಂಬಿದ ತಗಡು.

ಸೂರನ್ನು ಆ ಮನೆಯಲ್ಲಿ ಮೊದಲಿನಿಂದಲೂ 'ಮೇಲಿನವಳು' ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ತೀರಿಹೋದ ಅಮ್ಮ. ಆರು ವರ್ಷದ ಮಗಳಿಗೆ, ಅಂದರೆ ಅಕ್ಕನಿಗೆ, ಜ್ವರ ಬಂದು ಕಣ್ಣು ಹೋದ ವರ್ಷ, "ಮೇಲಿನವನು ಒಬ್ಬ ಇದ್ದಾನಂತೆ, ಕರೆದು ಕರೆದು ಸಾಕಾಯ್ತು, ಒಂದು ದಿನ ಓ ಅನ್ನಲಿಲ್ಲ. ಮೇಲಿನವಳೇ ವಾಸಿ, ದಿನಾ ಮಾತಾಡ್ತಾಳೆ" ಎಂದಿದ್ದಳು. ಮಾತಾಡುತ್ತಿದ್ದುದು ನಿಜ. ಬೆಳಗಿನ ಬಿಸಿಲು ಬಿದ್ದು ಹಳೆಯ ತಗಡು ಕಾದು ಹಿಗ್ಗುವಾಗ, ಎಂಟೂವರೆಗೆ ಸರಿಯಾಗಿ, ಮೂಲೆಯ ಮೊಳೆಯ ಹತ್ತಿರ ಟಕ್ ಎನ್ನುತ್ತಿತ್ತು. "ಮೇಲಿನವಳು ಎದ್ದಳು," ಎಂದು ಅಕ್ಕ ಬೆತ್ತದ ಎಳೆಗಳನ್ನು ನೀರಿನ ಬೋಗುಣಿಯಲ್ಲಿ ನೆನೆಹಾಕುತ್ತಿದ್ದಳು. ಸಂಜೆ ಅದು ತಣ್ಣಗಾಗಿ ಕುಗ್ಗುವಾಗ ಟಕಟಕ ಎಂದು ಮೈಮುರಿಯುತ್ತಿತ್ತು. ಆಗ ಅವಳು ಬೆಣೆಗಳನ್ನೆಲ್ಲ ಡಬ್ಬಿಗೆ ಹಾಕಿ ಕೆಲಸ ಮುಗಿಸುತ್ತಿದ್ದಳು. ಬೆಕ್ಕು ಎಲ್ಲಿ ನಡೆಯಿತು, ಮೋಡ ಯಾವಾಗ ಬಂತು, ಮಳೆ ದಪ್ಪ ಹನಿಯದೋ ಸೋನೆಯೋ, ಎಲ್ಲ ವರದಿಯೂ ಮೇಲಿನಿಂದಲೇ ಬರುತ್ತಿತ್ತು. ಮಳೆಯ ಮೊದಲ ಹನಿ ಬಿದ್ದರೆ ಕಣ್ಣಿದ್ದವರಿಗಿಂತ ಮೊದಲು "ಬಟ್ಟೆ! ಬಟ್ಟೆ!" ಎಂದು ಕೂಗುತ್ತಿದ್ದವಳು ಅವಳೇ.

ಅಕ್ಕನ ಕಸುಬು ಬೆತ್ತದ ಕುರ್ಚಿಗಳನ್ನು ಹೆಣೆಯುವುದು. ಆಸನ ಹರಿದ ಕುರ್ಚಿಗಳು ಊರಿನ ಎಲ್ಲ ಕಡೆಯಿಂದ ಅವಳ ಕೋಣೆಗೆ ಬರುತ್ತಿದ್ದವು. ಚೌಕಟ್ಟಿನ ತೂತುಗಳಿಗೆ ಎಳೆ ಪೋಣಿಸಿ, ಸಡಿಲವಾಗದಂತೆ ಬೆಣೆ ಹೊಡೆದು, ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಹೆಣೆದು ಬಿಸಿಲಿಗಿಟ್ಟರೆ ಆಸನ ಬಿಗಿದುಕೊಳ್ಳುತ್ತಿತ್ತು. ಬೆರಳಲ್ಲಿ ಮೀಟಿ ನೋಡಿ, "ಹ್ಞಾಂ, ಇನ್ನು ಎಂಥ ದಪ್ಪಗಿನ ಸಾಹುಕಾರನಾದರೂ ಕೂರಲಿ," ಎನ್ನುತ್ತಿದ್ದಳು.

ತಮ್ಮನಿಗೆ ಹೆದ್ದಾರಿಯ ಪಕ್ಕದ ತೂಕದ ಕಾಟಾದಲ್ಲಿ ಕೆಲಸ. ಲಾರಿ ಖಾಲಿ ಬಂದಾಗ ಒಮ್ಮೆ ತೂಗಬೇಕು, ತುಂಬಿಕೊಂಡು ಬಂದಾಗ ಇನ್ನೊಮ್ಮೆ. ತುಂಬಿದ್ದರಲ್ಲಿ ಖಾಲಿಯದನ್ನು ಕಳೆದರೆ ಉಳಿದದ್ದು ಸರಕು. ಇಪ್ಪತ್ತೆರಡು ವರ್ಷಗಳಿಂದ ಒಂದು ಚೀಟಿಯನ್ನೂ ತಪ್ಪು ಬರೆದವನಲ್ಲ. ಡ್ರೈವರುಗಳು 'ಕಾಟಾದ ಅಣ್ಣ' ಎಂದು ಕರೆಯುತ್ತಿದ್ದರು. "ಕಾಟಾ ಏನು, ನೀನು ಹುಟ್ಟಿದಾಗಿಂದ ನನಗೆ ಕಾಟವೇ," ಎಂದು ಅಕ್ಕ ಹಂಗಿಸುತ್ತಿದ್ದಳು. ಅವನು ಹುಟ್ಟಿದ್ದು ಅವಳ ಕಣ್ಣು ಹೋದ ಮೇಲೆ. ಅವನ ಮುಖವನ್ನು ಅವಳು ಕೈಯಿಂದ ಮಾತ್ರ ಬಲ್ಲಳು.

ಎಲ್ಲ ಶುರುವಾದದ್ದು ಆ ಕಾಟಾದಲ್ಲೇ. ಇಟ್ಟಿಗೆ ಲಾರಿಯ ಜೊತೆ ಬಂದಿದ್ದ ಮನೆ ದಲ್ಲಾಳಿಯೊಬ್ಬ ಚೀಟಿ ಬರೆಯುವಷ್ಟರಲ್ಲಿ ಮಾತಿಗಿಳಿದ. ತಮ್ಮನ ಮನೆಯಿರುವ ಬೀದಿಯಲ್ಲಿ ಈಗ ಮನೆಗಳಿಗೆ ಬಂಗಾರದ ಬೆಲೆ ಎಂದ. ತಮ್ಮನ ಮಗಳ ಕಾಲೇಜಿನ ಹತ್ತಿರ ಫ್ಲಾಟುಗಳು ಏಳುತ್ತಿವೆ ಎಂದ. ಹೆಂಡತಿ ಎಷ್ಟೋ ವರ್ಷಗಳಿಂದ ಬಾಯಿಬಿಟ್ಟು ಕೇಳದೆ ಕೇಳುತ್ತಿದ್ದುದೂ ಅದನ್ನೇ. ಸೋರದ ಗೋಡೆ, ನೆಲಕ್ಕೆ ಕಲ್ಲು, ಬಾಗಿಲು ಹಾಕಿಕೊಂಡರೆ ಹಾಕಿಕೊಂಡಂತೆ ಇರುವ ಒಂದು ಕೋಣೆ. ಫ್ಲಾಟಿನಲ್ಲಿ ಎರಡು ಕೋಣೆ. ಒಂದು ಗಂಡ ಹೆಂಡತಿಗೆ, ಒಂದು ಮಗಳಿಗೆ. ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು.

"ಅತ್ತಿಗೆ ಬೆತ್ತದ ಕೆಲಸ ಕಲಿತರಲ್ಲ, ಆ ಅಂಧರ ನಿಲಯದಲ್ಲಿ ವಯಸ್ಸಾದವರನ್ನೂ ಇಟ್ಟುಕೊಳ್ತಾರಂತೆ," ಎಂದು ಹೆಂಡತಿ ಒಂದು ದಿನ ಬಟ್ಟೆ ಮಡಚುತ್ತಾ ಹೇಳಿದಳು. ಹೇಳಿದವಳೇ ಎದ್ದು ಒಳಗೆ ಹೋದಳು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಆದರೆ ಆ 'ಅಂತೆ' ಮನೆಯಲ್ಲೇ ಉಳಿದುಕೊಂಡಿತು.

ಸೂರಿನ ಮಾತು ತೆಗೆದವನು ದಲ್ಲಾಳಿ. ತುಕ್ಕು ಹಿಡಿದ ತಗಡಿಟ್ಟುಕೊಂಡು ಮಾರಿದರೆ ಜಾಗದ ಬೆಲೆ ಬರುತ್ತದೆಯೇ ಹೊರತು ಮನೆಯ ಬೆಲೆ ಬರುವುದಿಲ್ಲ ಎನ್ನುವುದು ಅವನ ಸಿದ್ಧಾಂತ. "ಮನೆ ನೋಡೋಕೆ ಬಂದವರು ಗೇಟಲ್ಲಿ ನಿಂತು ಮೊದಲು ಕತ್ತೆತ್ತುತ್ತಾರೆ ಸಾರ್. ಹಂಚು ಹಾಕಿಸಿದ್ರೆ ಲಕ್ಷಣ, ಇಲ್ಲ ಅನ್ನಲ್ಲ. ಆದ್ರೆ ಭಾರ. ತೊಲೆ ಎಲ್ಲಾ ಬದಲಾಯಿಸಬೇಕು, ಹಾಕಿದ್ದರಲ್ಲಿ ಅರ್ಧ ವಾಪಸ್ ಬಂದ್ರೆ ಪುಣ್ಯ. ಬರೀ ತಗಡು ಅಗ್ಗ, ಆದ್ರೆ ನೋಡಿದೋರು ಓಹೋ ಶೆಡ್ಡು ಅಂತಾರೆ. ಈ ಫೋಮಿನದು ಇದೆ ನೋಡಿ, ಹೊರಗಿಂದ ಹಂಚು, ಒಳಗೆ ತಂಪು. ಮಳೆ ಬಂದ್ರೂ ಗೊತ್ತಾಗಲ್ಲ! ಹಾಕಿದ್ದು ಮರಿ ಹಾಕಿಕೊಂಡು ವಾಪಸ್ ಬರುತ್ತೆ."

ಮನೆ ಇಬ್ಬರ ಹೆಸರಿನಲ್ಲಿತ್ತು. ಅಮ್ಮ ಹಾಗೆ ಬರೆಸಿದ್ದಳು. ಅಕ್ಕನ ಹೆಬ್ಬೆಟ್ಟಿಲ್ಲದೆ ಮಾರುವಂತಿರಲಿಲ್ಲ. ಎಲ್ಲಿ ಒತ್ತು ಅಂದರೆ ಅಲ್ಲಿ ಅವಳು ಒತ್ತುತ್ತಾಳೆ ಎನ್ನುವುದು ತಮ್ಮನಿಗೆ ಗೊತ್ತಿತ್ತು, ಅದಕ್ಕೇ ಕೇಳುವುದು ಇನ್ನೂ ಕಷ್ಟವಾಗಿತ್ತು. ಹೇಳಬೇಕು ಎಂದೇ ಒಂದು ಸಂಜೆ ಅವಳ ಕೋಣೆಗೆ ಹೋದ. ಸೂರು ಬದಲಾಯಿಸಬೇಕು ಅಂತಿದ್ದೀನಿ ಎನ್ನುವವರೆಗೆ ಹೇಳಿದ.

"ಇದ್ದಕ್ಕಿದ್ದ ಹಾಗೆ ಯಾಕೋ?" ಎಂದಳು ಅಕ್ಕ.

"ನಿನಗೆ... ಮಧ್ಯಾಹ್ನ ಸೆಕೆ ಆಗುತ್ತಲ್ಲಕ್ಕ."

ಬಾಯಿಂದ ಬಿದ್ದ ಮೇಲೆಯೇ ಅವನಿಗೆ ತಾನೇನು ಹೇಳಿದೆ ಎಂದು ತಿಳಿದದ್ದು. ಅಕ್ಕ ಕೈಯಲ್ಲಿದ್ದ ಎಳೆಯನ್ನು ಕೆಳಗಿಟ್ಟಳು. ಒದ್ದೆ ಬೆರಳುಗಳಿಂದ ಅವನ ಕೆನ್ನೆ, ಹಣೆ, ಕಿವಿ ಸವರಿದಳು. "ನಾನು ಯಾವತ್ತಾದ್ರೂ ಸೆಕೆ ಅಂದಿದ್ನಾ? ಕಾಟದವನೇ, ನನಗೋಸ್ಕರ ಎಲ್ಲಾ ಯಾಕೋ ಹಾಕಿಸ್ತೀಯಾ," ಎಂದಳು. ಅವನು ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಮರುದಿನದಿಂದ ಕುರ್ಚಿ ಕೊಡಲು ಬಂದವರಿಗೆಲ್ಲ, ಒಯ್ಯಲು ಬಂದವರಿಗೆಲ್ಲ, "ನನ್ನ ತಮ್ಮ ನನಗೋಸ್ಕರ ಸೂರು ಹಾಕಿಸ್ತಿದ್ದಾನೆ," ಎಂದು ಅವಳು ಹೇಳುವುದು ಶುರುವಾಯಿತು. ಹಾಲಿನವನಿಗೂ ಹೇಳಿದಳು. ಪ್ರತಿ ಸಲವೂ ತಮ್ಮ ಏನಾದರೂ ನೆಪ ತೆಗೆದು ಆ ಜಾಗದಿಂದ ಎದ್ದು ಹೋಗುತ್ತಿದ್ದ.

ತುಂಡುಗಳನ್ನು ಕುಟ್ಟಿ ನೋಡಿದ ಮೂರನೆಯ ದಿನ ದಲ್ಲಾಳಿ ಮನೆ ನೋಡಲು ಬಂದ. ಸೂರಿನ ಅಳತೆಯವನು ಎಂದು ಹೇಳಿಕೊಳ್ಳಿ ಅಂತ ತಮ್ಮನೇ ಹೇಳಿಕೊಟ್ಟಿದ್ದ. ತಮ್ಮ ಹಿತ್ತಿಲಲ್ಲಿ ಅಡಿಗೆಮನೆಯ ಮೇಲಿನ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲಿನ ಮೇಲಿನ ಸಾಮಾನು ಸರಿಸುತ್ತಿದ್ದಾಗ, ದಲ್ಲಾಳಿ ಮುಂದಿನ ಕೋಣೆಯಲ್ಲಿ ಅಕ್ಕನ ಕೈಗೆ ಸಿಕ್ಕಿಬಿದ್ದ.

"ಬನ್ನಿ, ಮೇಲಿನವಳನ್ನ ನೋಡೋಕೆ ಬಂದ್ರಾ?"

"ಮೇಲಿನವರಾ?"

"ಹೂಂ. ವಯಸ್ಸಾಯ್ತು ಪಾಪ. ಐವತ್ತು ವರ್ಷದಿಂದ ಇದ್ದಾಳೆ. ಬೆಳಿಗ್ಗೆ ಎಂಟೂವರೆಗೆ ಏಳ್ತಾಳೆ, ಒಂದು ನಿಮಿಷ ಹೆಚ್ಚಿಲ್ಲ ಕಡಿಮೆ ಇಲ್ಲ. ಮಳೆಗಾಲದಲ್ಲಂತೂ ನಮಗೆ ಮಾತಾಡೋಕೇ ಬಿಡಲ್ಲ."

"ಜಗಳಗಂಟಿನಾ?"

"ಏ, ಇಲ್ಲಪ್ಪ! ಅವಳಿಲ್ಲದಿದ್ರೆ ನನಗೆ ಹೊತ್ತು ಹೋಗೋದೇ ಗೊತ್ತಾಗಲ್ಲ."

ಅಳತೆಯವನು ತಮಾಷೆಗೆ ಸೊಲ್ಲು ಸೇರಿಸುತ್ತಿದ್ದಾನೆ ಎಂದು ಅಕ್ಕ ನಕ್ಕಳು. ದಲ್ಲಾಳಿ ನಗಲಿಲ್ಲ. ಹೊರಗೆ ಬಂದವನು ಹಿತ್ತಿಲಿಗೆ ಹೋಗಿ ಮರದ ಮೆಟ್ಟಿಲನ್ನೂ ಅಟ್ಟದ ಕಿಟಕಿಯನ್ನೂ ನೋಡಿ, ತಮ್ಮನನ್ನು ತೋಳು ಹಿಡಿದು ಮುಂದಿನ ಅಂಗಳಕ್ಕೆ ಎಳೆದು ತಂದ.

"ಏನ್ ಸಾರ್ ನೀವು! ಅಟ್ಟದ ಮೇಲೆ ಬಾಡಿಗೆಗೆ ಹೆಂಗಸು ಇದ್ದಾಳೆ ಅಂತ ಹೇಳಲೇ ಇಲ್ವಲ್ಲ! ಐವತ್ತು ವರ್ಷದಿಂದ ಅಂತೆ! ಕೋರ್ಟು ಗೀರ್ಟು ಅಂತ ಹೋದ್ರೆ ಮುಗೀತು ಕಥೆ. ಮನೆ ಮಾರಬೇಕಾದ್ರೆ ಮೊದಲು ಮೇಲಿನವಳನ್ನ ಖಾಲಿ ಮಾಡಿಸಿ. ಇಲ್ದಿದ್ರೆ ಕೊಳ್ಳೋರು ಯಾರೂ ಮುಟ್ಟಲ್ಲ."

ತಮ್ಮನಿಗೆ ನಗು ಉಕ್ಕಿ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ಅದು ಬಾಯಿಂದ ಅರ್ಧ ಹೊರಗೆ ಬಂದಾಗ ಅವನ ಕಣ್ಣು ಅಕ್ಕನ ಕೋಣೆಯ ಕಿಟಕಿಯ ಮೇಲೆ ಬಿತ್ತು. ಕಿಟಕಿ ತೆರೆದಿತ್ತು. ಒಳಗೆ ಬೆಣೆ ಹೊಡೆಯುವ ಸದ್ದು ನಿಂತಿತ್ತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಮತ್ತೆ ಟಪ್, ಟಪ್ ಎಂದು ಶುರುವಾಯಿತು. ಅವನು ದಲ್ಲಾಳಿಯನ್ನು ಗೇಟಿನಾಚೆಗೆ ಕರೆದುಕೊಂಡು ಹೋಗಿ ಪಿಸುಮಾತಿನಲ್ಲಿ ವಿಷಯ ಬಿಡಿಸಿ ಹೇಳಿದ.

ಒಳಗೆ ಬಂದಾಗ ಅಕ್ಕ ತಲೆ ಎತ್ತದೆ ಕೇಳಿದಳು, "ಏನೋ ನಗ್ತಿದ್ದೆ?"

"ಮೇಲಿನವಳು ಅಂದ್ರೆ ಅವನು ಬಾಡಿಗೆಯವಳು ಅಂದ್ಕೊಂಡಿದ್ದಾನೆ ಅಕ್ಕ."

ಅಕ್ಕ ನಕ್ಕಳು. ಚೆನ್ನಾಗಿಯೇ ನಕ್ಕಳು. ಸದ್ಯ, ಅಷ್ಟು ಮಾತ್ರ ಕೇಳಿಸಿದೆ ಎಂದು ತಮ್ಮ ಸಮಾಧಾನ ಮಾಡಿಕೊಂಡ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ, ಆದರೆ ಅದೇ ಮನಸ್ಸು ಬೇಕಾದಾಗ ಎಷ್ಟು ಬೇಗ ತಣ್ಣಗಾಗುತ್ತದೆ! ಆ ದಿನದಿಂದ ಅಕ್ಕ 'ತಮ್ಮ ನನಗೋಸ್ಕರ' ಎನ್ನುವ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಅದು ಅವನ ಗಮನಕ್ಕೇ ಬರಲಿಲ್ಲ.

ಸೂರಿನ ಅಂಗಡಿಯಲ್ಲಿ ಮಾತ್ರ ಅವನ ಕಾಲು ಸ್ವಲ್ಪ ಹೊತ್ತು ಏಳಲಿಲ್ಲ. ಬಣ್ಣದ ತಗಡುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. ಟಣ್. ಇದನ್ನೇ ಹಾಕಿಸಿಬಿಟ್ಟರೆ? ಮಾರುವುದನ್ನು ಮಾರೋಣ, ಇರುವಷ್ಟು ದಿನವಾದರೂ ಅವಳಿಗೆ ಬೇಕಾದದ್ದು ಇರಲಿ. ಹಾಗೆಂದುಕೊಂಡಾಗ ಮನಸ್ಸು ಹಗುರವಾಯಿತು. ಅಷ್ಟರಲ್ಲಿ ಅಂಗಡಿಯವನು ಬಂದು, "ಮನೆಗಾ, ಶೆಡ್ಡಿಗಾ?" ಎಂದು ಕೇಳಿದ. ತಮ್ಮ ಬಾಯಿಗೆ ಬಂದದ್ದನ್ನು ನುಂಗಿ, ಫೋಮಿನದಕ್ಕೆ ಅಳತೆ ಕೊಟ್ಟು ಬಂದ.

"ಅತ್ತಿಗೆಗೆ ಗೊತ್ತಾಗಲ್ವಾ?" ಎಂದು ಹೆಂಡತಿ ಕೇಳಿದಳು.

"ನೀನು ಸುಮ್ನಿರು."

"ನಾನು ಸುಮ್ನೇ ಇದ್ದೀನಿ. ಅದೇ ತಪ್ಪು ಅನ್ಸುತ್ತೆ," ಎಂದಳು ಅವಳು.

ಕೆಲಸದವರು ಹಳೆಯ ತಗಡುಗಳನ್ನು ಕಿತ್ತು ಇಳಿಸಿದ ದಿನ ಅಕ್ಕ ತನ್ನ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೇಲೆ ಬರೀ ಆಕಾಶ. "ನನ್ನ ರೂಮಲ್ಲೇ ನನ್ನ ನೆತ್ತಿಗೆ ಬಿಸಿಲು ನೋಡೋ!" ಎಂದು ಅಂಗೈ ಮೇಲೆತ್ತಿದಳು. ಹೊಸ ತಗಡುಗಳು ಲಾರಿಯಿಂದ ಇಳಿಯುವಾಗ ಮಾತ್ರ ಕಿವಿಗೊಟ್ಟು ಕೇಳುತ್ತಾ ಬಾಗಿಲಲ್ಲಿ ನಿಂತಳು. ಅವು ಒಂದರ ಮೇಲೊಂದು ದಿಂಬುಗಳಂತೆ ಸದ್ದಿಲ್ಲದೆ ಕೂತವು.

"ಇವಳು ನಾನು ಆರಿಸಿದವಳೇ ತಾನೆ?" ಎಂದಳು.

"ಹೌದಕ್ಕ, ಅವಳೇ."

"ಸರಿ ಹಾಗಾದರೆ," ಎಂದು ಒಳಗೆ ಹೋದಳು.

ಹೊಸ ಸೂರು ಹಾಕಿ ಮುಗಿದ ಮರುದಿನ ಬೆಳಿಗ್ಗೆ ಎಂಟೂವರೆ ಆಯಿತು, ಒಂಬತ್ತಾಯಿತು. ಮೇಲೆ ಯಾರೂ ಏಳಲಿಲ್ಲ. ತಮ್ಮ ಊಟದ ಡಬ್ಬಿ ಹಿಡಿದು ಹೊರಡುವಾಗ ಅಕ್ಕ ಕೋಣೆಯಿಂದಲೇ ಕೇಳಿದಳು, "ಗಂಟೆ ಎಷ್ಟೋ?"

ಅವನು ಹುಟ್ಟಿದಾಗಿನಿಂದ ಅವಳು ಅವನನ್ನು ಗಂಟೆ ಕೇಳಿದ್ದು ಅದೇ ಮೊದಲು. ಎಷ್ಟೋ ಸಲ ಅವನೇ ಗಡಿಯಾರ ನಿಂತಾಗ ಅವಳನ್ನು ಕೇಳಿದ್ದಿದೆ. ಅವನು ಹೇಳಿದ. "ಓ, ಇಷ್ಟು ಹೊತ್ತಾಯ್ತಾ," ಎಂದು ಅಕ್ಕ ಬೋಗುಣಿಗಾಗಿ ನೆಲ ತಡವಿದಳು. "ಪಾಪ, ಹೊಸಬಳಲ್ವಾ. ನಾಚಿಕೆ ಇರುತ್ತೆ. ಬಾಯಿ ಬಿಡೋಕೆ ಸ್ವಲ್ಪ ದಿನ ಬೇಕು. ನಾವೇ ಕಾಯಬೇಕು."

ಆ ದಿನ ಕಾಟಾದಲ್ಲಿ ಲಾರಿಗಳಿಲ್ಲದ ಹೊತ್ತಿನಲ್ಲಿ ತಮ್ಮ ಒಬ್ಬನೇ ಕಬ್ಬಿಣದ ಹಾಸಿನ ಮೇಲೆ ಹೋಗಿ ನಿಂತು, ಕಿಟಕಿಯ ಗಾಜಿನೊಳಗಿನ ಅಂಕಿಯನ್ನು ನೋಡಿದ. ಎಪ್ಪತ್ತು ಎಂದಿತ್ತು. ಹೋದ ವರ್ಷವೂ ಎಪ್ಪತ್ತೇ. ಹತ್ತು ಕಿಲೋಗಿಂತ ಕಡಿಮೆ ವ್ಯತ್ಯಾಸವನ್ನು ಆ ಯಂತ್ರ ತೋರಿಸುವುದಿಲ್ಲ. ಬಂದ ಡ್ರೈವರನೊಬ್ಬ, "ಏನಣ್ಣ, ನಿಮ್ಮನ್ನೇ ಮಾರಿಕೊಳ್ತಿದ್ದೀರಾ?" ಎಂದು ನಕ್ಕ. ತಮ್ಮ ಕೆಳಗಿಳಿದ.

ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ಗಂಟೆ ಎಷ್ಟೋ. ಅವಳು ಬೇಸರದಿಂದ ಕೇಳುತ್ತಿರಲಿಲ್ಲ, ಹಂಗಿಸುತ್ತಲೂ ಇರಲಿಲ್ಲ. ಹಾಗೆ ಕೇಳಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು. ಐದನೆಯ ದಿನ ಮಗಳ ಹಳೆಯ ರೇಡಿಯೋ ಕೇಳಿ ತರಿಸಿಕೊಂಡಳು. "ಇವನು ಗಂಟೆಗೊಂದು ಸಲ ಗಂಟೆ ಹೇಳ್ತಾನೆ. ನಡುವೆ ಬೇಡದ್ದೆಲ್ಲ ಹೇಳ್ತಾನೆ, ಏನು ಮಾಡೋದು." ಒಮ್ಮೊಮ್ಮೆ ಸಂಜೆ ಹೊತ್ತು ತಮ್ಮ ಅವಳ ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದ. "ಏನೋ?" ಎಂದು ಅವಳು ರೇಡಿಯೋ ಸಣ್ಣ ಮಾಡುತ್ತಿದ್ದಳು. ಕೈ ನಿಲ್ಲಿಸಿ, ಮುಖ ಅವನ ಕಡೆ ತಿರುಗಿಸಿ ಕಾಯುತ್ತಿದ್ದಳು. "ಏನಿಲ್ಲಕ್ಕ, ಚಹಾ ಬೇಕಾ ಅಂತ," ಎಂದು ಅವನು ವಾಪಸಾಗುತ್ತಿದ್ದ. ನಾಳೆ ಹೇಳುತ್ತೇನೆ, ಬಣ್ಣ ಹೊಡೆಸಿದ ಮೇಲೆ ಹೇಳುತ್ತೇನೆ, ಕೊಳ್ಳುವವರು ಒಪ್ಪಿದರೆ ಹೇಳುತ್ತೇನೆ, ಒಪ್ಪದಿದ್ದರೆ ಹೇಳುವ ಅಗತ್ಯವೇ ಇಲ್ಲವಲ್ಲ. ಹೇಡಿಯ ಪಂಚಾಂಗದಲ್ಲಿ ಒಳ್ಳೆಯ ದಿನ ಯಾವಾಗಲೂ ನಾಳೆಯೇ.

ಬಣ್ಣ ಹೊಡೆಯುವುದೂ ಮುಗಿಯಿತು. ಕಿಟಕಿಗಳ ಹಸಿ ಬಣ್ಣ ಅಂಟಿಕೊಂಡು ಬಾಗಿಲುಗಳು ಬಿಗಿದುಕೂತವು. ಮನೆಯೆಲ್ಲ ಬಣ್ಣದ ವಾಸನೆ ತುಂಬಿತು. ಕೊಳ್ಳುವವರು ಭಾನುವಾರ ಬರುವುದೆಂದಾಯಿತು. ಶುಕ್ರವಾರ ಮಧ್ಯಾಹ್ನ ಕಾಟಾದ ಹತ್ತಿರ ಸಣ್ಣಗೆ ಮಳೆ ಹಿಡಿಯಿತು. ಗಾಳಿಯಿಲ್ಲ, ಗುಡುಗಿಲ್ಲ, ನೇರವಾಗಿ ಇಳಿಯುವ ಸೋನೆ. ಹೊಸ ಸೂರಿನ ಮೇಲೆ ಮೊದಲ ಮಳೆ ಎನ್ನುವುದು ತಮ್ಮನಿಗೆ ಹೊಳೆದದ್ದು ಮರಳು ಲಾರಿಯೊಂದಕ್ಕೆ ಚೀಟಿ ಬರೆಯುವಾಗ. ಖಾಲಿಯ ಜಾಗದಲ್ಲಿ ತುಂಬಿದ್ದನ್ನು ಬರೆದಿದ್ದ. ಹೊಡೆದುಹಾಕಿ ಬೇರೆ ಬರೆದುಕೊಟ್ಟು, ಜೊತೆಯವನಿಗೆ ಹೇಳಿ, ಬೇಗ ಹೊರಟ.

ಗೇಟು ತೆರೆದಾಗ ಮೊದಲು ಕಂಡದ್ದು ಬಟ್ಟೆ. ಹಗ್ಗದ ತುಂಬ ಬಟ್ಟೆ, ಮಗಳ ಕಾಲೇಜಿನ ಉಡುಪು, ಅಕ್ಕನ ಸೀರೆ, ಎಲ್ಲ ನೀರು ಕುಡಿದು ನೆಲಕ್ಕೆ ಜೋತುಬಿದ್ದಿದ್ದವು. ಹೆಂಡತಿ ಮಗಳು ಪೇಟೆಗೆ ಹೋಗಿದ್ದರು. ಅಂಗಳದ ನಡುವೆ, ಬಿಸಿಲಿಗೆಂದು ಇಟ್ಟ ಕುರ್ಚಿ. ಅಕ್ಕ ಒಂಬತ್ತು ದಿನ ಕೂತು ಹೆಣೆದ, ನಾಳೆ ಒಯ್ಯಲು ಬರುವವರಿದ್ದ ಕುರ್ಚಿ. ಅದರ ಆಸನ ನೆನೆದು ನಡುವೆ ತಗ್ಗಾಗಿ, ತಗ್ಗಿನಲ್ಲಿ ಎಲೆಯೊಂದು ಕೂತಿತ್ತು.

ಅಕ್ಕ ಒಳಗೆ ಕೆಲಸ ಮಾಡುತ್ತಿದ್ದಳು. ರೇಡಿಯೋದಲ್ಲಿ ಯಾರೋ ಯಾವುದೋ ಸಾಬೂನನ್ನು ಹೊಗಳುತ್ತಿದ್ದರು.

"ಬಂದ್ಯಾ? ಇವತ್ತು ಬೇಗ," ಎಂದಳು. "ಹಾಗೇ ಆ ಕುರ್ಚಿ ಒಳಗೆ ತಗೊಂಡು ಬಾರೋ. ಬಿಸಿಲಿಗೆ ಬೆತ್ತ ಚೆನ್ನಾಗಿ ಬಿಗಿದಿರುತ್ತೆ."

ಅವನು ಹೊಸ್ತಿಲಲ್ಲಿ ನಿಂತೇ ಇದ್ದ. ಅಂಗಿಯ ತೋಳಿನಿಂದ, ಬೆರಳ ತುದಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಕ್ಕ ರೇಡಿಯೋ ಆರಿಸಿದಳು.

"ಏನದು, ಹನಿ?"

ಎದ್ದು ಬಂದು ಕೈ ಚಾಚಿದಳು. ತೋಳು ಸಿಕ್ಕಿತು, ಭುಜ ಸಿಕ್ಕಿತು, ನೆನೆದ ಕೂದಲು ಸಿಕ್ಕಿತು.

"ಮಳೆನಾ?"

"ಹೂಂ."

"ಯಾವಾಗಿಂದ?"

"ಮಧ್ಯಾಹ್ನದಿಂದ, ಅಕ್ಕ."

"ಮಧ್ಯಾಹ್ನದಿಂದ," ಎಂದಳು ಅವಳೂ. ಕೈ ಹಿಂದಕ್ಕೆ ತೆಗೆದುಕೊಂಡು ಸೀರೆಗೆ ಒರೆಸಿಕೊಂಡಳು. "ನನ್ನ ತಲೆ ಮೇಲೇ ಬೀಳ್ತಿತ್ತು. ಯಾರೂ ಹೇಳಲೇ ಇಲ್ಲ ನೋಡು."

ಅವನು ಏನೋ ಹೇಳಲು ಹೋದ. ಅವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಗಂಟೆ ಕೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಕೇಳಿದಳು:

"ಮೇಲಿನವಳನ್ನ ಖಾಲಿ ಮಾಡಿಸಿದ್ದಾಯ್ತು. ಕೆಳಗಿನವಳನ್ನ ಯಾವತ್ತೋ?"

ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊಸ ಬಣ್ಣ ಅಂಗೈಗೆ ಅಂಟಿತು.

"ಕಿಟಕಿ ತೆರೆದಿತ್ತು ಅವತ್ತು. ನಿನಗೂ ಗೊತ್ತಿತ್ತು."

"ಗೊತ್ತಿತ್ತು," ಎಂದ ಅವನು. ಇಷ್ಟು ದಿನಗಳಲ್ಲಿ ಅವಳಿಗೆ ಹೇಳಿದ ಮೊದಲ ನಿಜ ಅದು. "ಅಕ್ಕಾ, ನಾನು ಹೇಳಬೇಕು ಅಂತಾನೇ..."

"ಕಾದೆ ಕಣೋ. ಬಾಗಿಲವರೆಗೆ ಬರ್ತಿದ್ದೆ, ಹೋಗ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನಾನೂ ಕಾದೆ. ಕೇಳಿದ್ರೆ ಹೆಬ್ಬೆಟ್ಟು ಒತ್ತುತ್ತಿರಲಿಲ್ವಾ? ಚಹಾ ಬೇಕಾ ಅಂತೀಯ." ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. "ಹೋಗು, ಮೊದಲು ಬಟ್ಟೆ ತೆಗಿ. ನೆನೆದದ್ದು ನೆನೀತು, ಇನ್ನೂ ಯಾಕೆ ನೆನೆಸ್ತೀಯ. ಆ ಕುರ್ಚಿಗಾದ್ರೂ ಏನಾದ್ರೂ ಮುಚ್ಚು."

ಮಳೆ ಜೋರಾಗತೊಡಗಿತ್ತು. ಅವನು ಬಟ್ಟೆಗಳನ್ನು ಬಾಚಿ ಹೊಸ್ತಿಲೊಳಗೆ ಹಾಕಿದ. ಕುರ್ಚಿಯನ್ನು ಎತ್ತಲು ಹೋದ. ಭಾರದ ಹಳೆಯ ಕಾಲದ ಕುರ್ಚಿ, ನೆನೆದ ಕೈಗೆ ಜಾರಿತು. ಮುಚ್ಚಲು ಏನೂ ಕಾಣದೆ ಹಿತ್ತಿಲಿಗೆ ಓಡಿದ. ಹಳೆಯ ತಗಡುಗಳು ಹಿಂದಿನ ಗೋಡೆಗೆ ಒರಗಿಸಿದಂತೆಯೇ ಹೊಸ ಸೂರಿನ ಮರೆಯಲ್ಲಿ ಒಣಗಿ ನಿಂತಿದ್ದವು. ಗುಜರಿಯವನು ನಾಳೆ ಬರುವವನಿದ್ದ. ಮುರಿದ ತುಂಡೊಂದನ್ನು ಎಳೆದುಕೊಂಡು ಬಂದ. ಕುರ್ಚಿಯ ಪಕ್ಕದಲ್ಲಿ ನಿಂತು, ಅದಕ್ಕೂ ತನಗೂ ಸೇರಿಸಿ, ಎರಡು ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದ.

ಕೂಡಲೇ ಅದು ಮಾತಾಡತೊಡಗಿತು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದೇ ಉಸಿರಿಗೆ. ತುಕ್ಕಿನ ನೀರು ಅವನ ಮೊಣಕೈಗುಂಟ ಅಂಗಿಯೊಳಗೆ ಇಳಿಯಿತು.

ಎದುರಿನ ಕಿಟಕಿ ಒಳಗಿನಿಂದ ಒಮ್ಮೆ ನಡುಗಿತು. ಇನ್ನೊಮ್ಮೆ. ಹೊಸ ಬಣ್ಣ ಚರ್ರೆಂದು ಹರಿದು ಬಾಗಿಲು ತೆರೆದುಕೊಂಡಿತು. ಅಕ್ಕ ಸರಳು ಹಿಡಿದು ನಿಂತಿದ್ದಳು, ಕತ್ತು ಓರೆ ಮಾಡಿ, ಕಿವಿ ಅಂಗಳದ ಕಡೆಗಿಟ್ಟು.

ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಈ ಹೊತ್ತಿನಲ್ಲಿ ದಿನಾ ಫೋನು ಮಾಡುವವನು ದಲ್ಲಾಳಿ ಒಬ್ಬನೇ. ಅದು ನಿಂತಿತು, ಮತ್ತೆ ಶುರುವಾಯಿತು. ತಮ್ಮನ ತೋಳುಗಳು ನೋಯತೊಡಗಿದ್ದವು. ಕಿಟಕಿಯಲ್ಲಿ ಅಕ್ಕ ಇನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವನು ತಗಡನ್ನು ಇಳಿಸಲಿಲ್ಲ.